ಕ, ಮೂರು ಚುಕ್ಕಿ, ರ

ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ಕಣದಲ್ಲಿ ಒಣಗಿದ ಹೊಸ ಜೋಳ ಮನೆಮನೆಗೂ ಬಂದು, ಮನೆಯಿಂದ ಡಬ್ಬ, ಚೀಲ, ಬಕೆಟ್ಟುಗಳಲ್ಲಿ ಗಿರಣಿಗೆ ಬರತೊಡಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಗಿರಣಿಯ ಮುಂದಿನ ಕಟ್ಟೆಯ ಮೇಲೆ ಡಬ್ಬಗಳು ಸರದಿಯಲ್ಲಿ ಕೂತಿದ್ದವು; ಡಬ್ಬದ ಒಡತಿಯರು ಸರದಿ ಮರೆತು ಬಿಸಿಲು ಬಿದ್ದ ಕಡೆ ಒತ್ತಿಕೊಂಡು ಕೂತಿದ್ದರು.

ಒಳಗೆ ಹಿಟ್ಟಣ್ಣ ಒಂದು ಕೈಯನ್ನು ಕಲ್ಲು ಬಿಗಿಮಾಡುವ ತಿರುಪಿನ ಮೇಲಿಟ್ಟು, ಇನ್ನೊಂದು ಕೈಯನ್ನು ಹಿಟ್ಟು ಇಳಿಯುವ ಬಟ್ಟೆಯ ತೋಳಿನ ಕೆಳಗೆ ಹಿಡಿದು ನಿಂತಿದ್ದ. ಹೊಸ ಜೋಳದಲ್ಲಿ ಪಸೆ ಇರುತ್ತದೆ. ಕಲ್ಲು ಒಂದು ಎಳೆ ಬಿಗಿಯಾದರೂ ಹಿಟ್ಟು ಬಿಸಿಯಾಗಿ ಅಂಟಿಕೊಳ್ಳುತ್ತದೆ. ಒಂದು ಎಳೆ ಸಡಿಲಾದರೆ ತರಿತರಿ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಟ್ಟು ಉಜ್ಜಿ ನೋಡುವುದು, ತಿರುಪನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಉಜ್ಜುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈ ಕೆಲಸಕ್ಕೆ ಸೇರಿದಾಗ ಹಿಟ್ಟಿನಿಂದ ಬಿಳಿಯಾಗಿದ್ದ ಅವನ ಮೀಸೆ ಈಗ ಹಿಟ್ಟು ಕೊಡವಿದರೂ ಬಿಳಿಯಾಗೇ ಇರುತ್ತಿತ್ತು. ಹಿಟ್ಟಣ್ಣ ಎಂಬ ಹೆಸರು ಯಾರು ಇಟ್ಟರೋ ಯಾರಿಗೂ ನೆನಪಿರಲಿಲ್ಲ. ಅದಕ್ಕೂ ಮೊದಲು ಅವನಿಗೊಂದು ಹೆಸರಿತ್ತು ಎಂಬುದೂ ಯಾರಿಗೂ ನೆನಪಿರಲಿಲ್ಲ.

ಗಿರಣಿ ಅವನದಲ್ಲ. ಅದರ ಒಡತಿ ಗಂಡ ತೀರಿಕೊಂಡ ಮೇಲೂ ಆರು ವರ್ಷ ನಡೆಸಿ, ಈಗ ಮೊಣಕಾಲಿನ ಚಿಕಿತ್ಸೆಗೆಂದು ಪಟ್ಟಣದ ತಂಗಿಯ ಮನೆ ಸೇರಿದ್ದಳು. ಹೋದವಳು ಯಂತ್ರ, ಮೋಟರು, ಕಲ್ಲು ಎಲ್ಲವನ್ನೂ ಆನ್‌ಲೈನ್ ಹರಾಜಿಗೆ ಹಾಕಿದ್ದಳು. ಕೊಂಡವರು ಇಲ್ಲೇ ನಡೆಸುವುದಾದರೆ ಕಟ್ಟಡ ಬಾಡಿಗೆಗೆ. ಇಲ್ಲವಾದರೆ ಬಿಚ್ಚಿಕೊಂಡು ಹೋಗಬಹುದು. ನಲವತ್ತು ಸಾವಿರದಿಂದ ಶುರು, ಒಂದು ವಾರದ ಗಡುವು, ಭಾನುವಾರ ಸಂಜೆ ಆರಕ್ಕೆ ಮುಕ್ತಾಯ. ಕಟ್ಟೆಯ ಮುಂದೆ ಜನ ನಿಲ್ಲಿಸಿ ಹರಾಜು ಕೂಗಿಸಬಹುದಿತ್ತಲ್ಲ ಎಂದು ಕೇಳಿದವರಿಗೆ ಅವಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ನಮ್ಮವರ ಟ್ರ್ಯಾಕ್ಟರ್ ಹಾಗೇ ಕೂಗಿಸಿದ್ದೆನಲ್ಲ. ನಾಲ್ಕು ಜನ ಮೊದಲೇ ಮಾತಾಡ್ಕೊಂಡು ಬಂದು ಅರ್ಧ ಬೆಲೆಗೆ ಹೊಡ್ಕೊಂಡು ಹೋದ್ರು. ನನಗೆ ಮುಖ ನೋಡಿ ಸಾಕಾಗಿದೆ. ಈ ಸಲ ಮುಖ ಇಲ್ಲದೋರೇ ಬರಲಿ."

ಹಾಗಾಗಿ ಈ ಹರಾಜಿನಲ್ಲಿ ಮುಖವೂ ಇರಲಿಲ್ಲ, ಕೂಗೂ ಇರಲಿಲ್ಲ. ಬೆಲೆ ಹೇಳಿದವರ ಹೆಸರಿನ ಮೊದಲಕ್ಷರ, ಕೊನೆಯಕ್ಷರ ಮಾತ್ರ ಕಾಣುತ್ತಿತ್ತು. ನಡುವೆ, ಹೆಸರು ಉದ್ದವಿರಲಿ ಗಿಡ್ಡವಿರಲಿ, ಮೂರೇ ಚುಕ್ಕಿ. ಮೊದಲ ಎರಡು ದಿನ ಏಳೆಂಟು ಜನ ಇದ್ದರು. ಐವತ್ತಾರು ಸಾವಿರ ದಾಟಿದ ಮೇಲೆ ಉಳಿದವರು ಇಬ್ಬರೇ.

ಕಟ್ಟೆಯ ಮೇಲೆ ಅಂಗಡಿಯಾಕೆ ಫೋನು ಕಣ್ಣಿನ ಹತ್ತಿರ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದಳು. "ಎಪ್ಪತ್ತಾರು ಆಯ್ತು. ಮತ್ತೆ ಅದೇ ಕ, ಮೂರು ಚುಕ್ಕಿ, ರ."

"ಯಾರೇ ಅದು?" ಎಂದಳು ಹಾಲಿನವಳು.

"ಇನ್ಯಾರು? ಕ ಅಂತೆ, ರ ಅಂತೆ. ಕಂಟ್ರಾಕ್ಟರ್ರೇ."

"ಅವನಿಗ್ಯಾಕೆ ಗಿರಣಿ? ಮೂರು ಹೊತ್ತೂ ಹೋಟೆಲ್ಲಿನ ಊಟ ಅವನದು."

"ಬೀಸೋಕಲ್ಲ ಕಣೇ, ಒಡೆದು ಕಬ್ಬಿಣ ಮಾರೋಕೆ. ಹೋದ ವರ್ಷ ಆ ಹಳೇ ಬಸ್ಸು ಇಡಿಯಾಗಿ ನುಂಗಿ ನೀರು ಕುಡೀಲಿಲ್ವಾ?"

"ಅಯ್ಯೋ, ಹಾಗಾದ್ರೆ ಹಿಟ್ಟಿಗೆ ನಾವು ಪಟ್ಟಣಕ್ಕೆ ಹೋಗ್ಬೇಕಾ? ಮತ್ತೆ ಇನ್ನೊಬ್ಬ ಇದಾನಲ್ಲ, ಬಾ, ಲ. ಅವನ್ಯಾರು?"

"ಬಾಲ!" ಎಂದಳು ಅಂಗಡಿಯಾಕೆ. "ನೋಡಲ್ಲಿ, ಕಂಟ್ರಾಕ್ಟರ್ ಎರಡು ಸಾವಿರ ಮುಂದೆ ಹೋದ್ರೆ ಇದೂ ಎರಡು ಸಾವಿರ ಏರಿಸ್ಕೊಂಡು ಹಿಂದೇನೇ ಬರ್ತಿದೆ. ಬಾಲವೇ ಸರಿ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಹಾಲಿನವಳು ಬಾಗಿಲಿಗೆ ತಲೆ ಹಾಕಿ, "ಹಿಟ್ಟಣ್ಣ, ಯಾರಪ್ಪ ಅದು ಬಾಲ?" ಎಂದು ಕೂಗಿದಳು.

"ಯಾವುದೋ ಪಟ್ಟಣದ ಬಾಲ ಇರ್ಬೇಕಮ್ಮ," ಎಂದ ಹಿಟ್ಟಣ್ಣ, ಹಿಟ್ಟಿನಿಂದ ಕಣ್ಣೆತ್ತದೆ. "ಮುಂದಿನ ಡಬ್ಬ ಯಾರದು? ಬೇಗ ಬೇಗ."

ಬಾಲ ಅವನೇ. ಹೆಂಡತಿ ಫೋನಿನಲ್ಲಿ ಖಾತೆ ತೆರೆಯುವಾಗ, ಗುರುತಿನ ಚೀಟಿಯಲ್ಲಿ ಇರುವ ಹೆಸರನ್ನೇ ಹಾಕಬೇಕು ಎಂದು ಅಲ್ಲಿ ಬರೆದಿದೆ ಎಂದಿದ್ದಳು. ಪೆಟ್ಟಿಗೆಯ ತಳದಿಂದ ಚೀಟಿ ತೆಗೆದು, ಒಂದೊಂದೇ ಅಕ್ಷರ ನೋಡಿ ಒತ್ತಿದ್ದಳು. ಮದುವೆಯಾದ ಮೇಲೆ ಅವಳು ಆ ಹೆಸರನ್ನು ಓದಿದ್ದು ಅದು ಎರಡನೆಯ ಸಲ. ಅವಳ ಹೊಲಿಗೆಯಿಂದ ಬಂದದ್ದು, ಅವನ ಸಂಬಳದಲ್ಲಿ ಉಳಿದದ್ದು ಎಲ್ಲ ಸೇರಿ ತೊಂಬತ್ತು ಸಾವಿರವಿತ್ತು. ಅದು ಇದೆಯೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಹಿಟ್ಟಣ್ಣ, "ನಮ್ಮ ಹತ್ರ ಎಲ್ಲಿಂದ ಬರ್ಬೇಕು, ಹಿಟ್ಟು ಕೊಡವಿದ್ರೆ ಮೈಯೇ ಇಲ್ಲ," ಎಂದು ಕೈ ಕೊಡವುತ್ತಿದ್ದ.

ಯಾರಿಗೂ ಎಂದರೆ ಕಮ್ಮಾರನಿಗೂ. ಅದೊಂದು ಅವನಿಗೆ ಚುಚ್ಚುತ್ತಿತ್ತು.

ಗಿರಣಿಯ ಕಲ್ಲಿನ ಹಲ್ಲು ಇಪ್ಪತ್ತು ದಿನಕ್ಕೆ ಸವೆಯುತ್ತದೆ. ಕಲ್ಲನ್ನು ಮಗುಚಿ ಹಾಕಿ, ಉಳಿಯಿಂದ ಮತ್ತೆ ಕಚ್ಚು ಹೊಡೆಯಬೇಕು. ಒಂದು ಕಲ್ಲು ಮುಗಿಯುವಷ್ಟರಲ್ಲಿ ಆರು ಉಳಿ ಮೊಂಡಾಗುತ್ತವೆ. ಆ ಉಳಿಗಳನ್ನು ಕಾಯಿಸಿ, ತಟ್ಟಿ, ಹದ ಕೊಡುವವನು ಕಮ್ಮಾರ. ಹದ ಹೆಚ್ಚಾದರೆ ಉಳಿಯ ತುದಿ ಚಟ್ಟನೆ ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ; ಕಮ್ಮಾರ ಹದ ಹಾಕಿದ ಉಳಿ ಇವನ ಕೈಯಲ್ಲಿ ಇಂದಿಗೂ ಮುರಿದದ್ದಿಲ್ಲ. ಬಿಳಿಯ ಇವನು, ಕರಿಯ ಅವನು ಒಟ್ಟಿಗೆ ರಸ್ತೆಯಲ್ಲಿ ಹೊರಟರೆ ಊರವರು "ಸುಣ್ಣ ಇದ್ದಿಲು ಹೊರಟವು" ಎನ್ನುತ್ತಿದ್ದರು. ದಿನವೂ ಮಧ್ಯಾಹ್ನ ಕಮ್ಮಾರ ಬಂದು ಹಿಟ್ಟಿನ ಚೀಲದ ಮೇಲೆ ಕೂತು ಕಪ್ಪು ಗುರುತು ಬಿಟ್ಟು ಹೋಗುವುದು ರೂಢಿ. ಹರಾಜು ಶುರುವಾದಂದಿನಿಂದ ಅವನು ಒಂದು ದಿನವೂ ಬಂದಿರಲಿಲ್ಲ. ಉಳಿಗಳನ್ನು ಬೇರೆಯವರ ಕೈಯಲ್ಲಿ ಕಳಿಸಿದ್ದ.

ಶುಕ್ರವಾರ ಸಂಜೆ ಹಿಟ್ಟಣ್ಣನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಫೋನು ಒರಗಿಸಿಟ್ಟು ನೋಡುತ್ತಿದ್ದಳು. ಅವರು ಎಪ್ಪತ್ತೆಂಟು ಹಾಕಿ ಅರ್ಧ ಗಂಟೆಯಾಗಿರಲಿಲ್ಲ, ಎಂಬತ್ತು ಬಂದಿತ್ತು.

"ಇನ್ನು ಮೂರು ಸಲ ಹೋಗ್ಬಹುದು," ಎಂದಳು. "ಆಮೇಲೆ ನಮ್ಮ ಚೀಲ ಖಾಲಿ."

"ಆ ಕಂಟ್ರಾಕ್ಟರಿಗೆ ಎಂಬತ್ತು ಸಾವಿರ ಲೆಕ್ಕವೇ ಅಲ್ಲ."

ಅವಳು ದಾರ ಕಚ್ಚಿ ಕತ್ತರಿಸಿದಳು. "ರೀ, ಒಂದು ಮಾತು. ಕ, ರ ಅಂದ್ರೆ ಕಮ್ಮಾರ ಅಂತಾನೂ ಆಗತ್ತಲ್ಲ," ಎಂದಳು.

"ಏನಂದೆ?"

"ನಾನೇನೂ ಅನ್ನಲಿಲ್ಲ. ಅಕ್ಷರ ಹಾಗೆ ಅನ್ನತ್ತೆ."

"ಅವನ ಹೆಸರು ಇದರಲ್ಲಿ ತರಬೇಡ ಕಣೇ. ಅಕ್ಷರ ಸಾವಿರ ಅಂದೀತು." ಅವನು ಎದ್ದು ಹೊರಗೆ ಹೋದ. ತಿರುಗಿ ಬಂದು ಹೇಳಿದ: "ನಾಳೆ ಮಧ್ಯಾಹ್ನ ನಾನೇ ಕಂಟ್ರಾಕ್ಟರನ್ನ ಕೇಳಿ ಬರ್ತೀನಿ. ಅವನು ಸುಳ್ಳು ಹೇಳದ ಹಾಗೆ, ಆ ಅಕ್ಷರ ಫೋನಲ್ಲಿ ಹೇಗಿದೆಯೋ ಹಾಗೇ ಒಂದು ಚೀಟೀಲಿ ಬರ್ಕೊಡು."

ಅವಳು ಅಳತೆ ಬರೆಯುವ ಚೀಟಿಯೊಂದನ್ನು ಹರಿದು, ರವಿಕೆಯ ಅಳತೆ ಬರೆಯುವಷ್ಟೇ ಜೋಪಾನವಾಗಿ ಬರೆದುಕೊಟ್ಟಳು: ಕ•••ರ.

ಕಂಟ್ರಾಕ್ಟರಿನ ಅಂಗಳದಲ್ಲಿ ಮುರಿದ ಗೇಟು, ನೀರಿನ ಪಂಪು, ಸೈಕಲ್ಲಿನ ಚಕ್ರ, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಅವನು ಪೈಪುಗಳ ಕಟ್ಟಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಬಾ ಹಿಟ್ಟಣ್ಣ. ಏನು, ಮೈಯೆಲ್ಲ ಕೊಡವ್ಕೊಂಡು ಬಂದಿದೀಯ, ಮದುವೆಗೆ ಕರೆಯೋಕಾ?"

"ಗಿರಣಿ ಬಿಟ್ಬಿಡಿ ಕಂಟ್ರಾಕ್ಟರೇ. ನಿಮಗದು ತೂಕದ ಕಬ್ಬಿಣ. ನನಗೆ ಅನ್ನ."

ಕಂಟ್ರಾಕ್ಟರ್ ಉಗುರು ಕತ್ತರಿಸುವುದನ್ನು ನಿಲ್ಲಿಸಿದ. "ನೀನೂ ಶುರು ಮಾಡಿದ್ಯಾ? ಇವತ್ತು ನೀನು ಮೂರನೆಯವನು. ಬೆಳಗ್ಗೆ ಆ ಅಂಗಡಿಯಾಕೆ ಒಂದು ಬೆಂಕಿಪೊಟ್ಟಣ ಕೊಡೋಕೂ ಮುಖ ತಿರುಗಿಸಿದ್ಲು. ಏನು ಪಾಪ ಮಾಡಿದೀನಪ್ಪ ನಾನು?"

ಹಿಟ್ಟಣ್ಣ ಚೀಟಿ ಬಿಚ್ಚಿ ತೋರಿಸಿದ. "ಕ, ರ ಅಂತ ಇದೆ."

"ಕ, ರ ಅಂದ್ರೆ ಕರ ಅಂತಾನೂ ಆಗತ್ತೆ. ಹೋಗಿ ಮನೆ ತೆರಿಗೆ ಕಟ್ಟು, ಹೋಗು!" ಅವನಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. "ಆ ಯಂತ್ರದಲ್ಲಿ ಕಬ್ಬಿಣ ಎಷ್ಟಿದೆ ಗೊತ್ತಾ? ಎರಡೂವರೆ ಕ್ವಿಂಟಾಲು. ಉಳಿದದ್ದು ಕಲ್ಲು. ಎಂಬತ್ತು ಸಾವಿರ ಸುರಿದು ಕಲ್ಲು ಹೊತ್ಕೊಂಡು ಬರೋಕೆ ನಂಗೇನು ತಲೆ ಕೆಟ್ಟಿದ್ಯಾ? ಮೂವತ್ತಕ್ಕೆ ಬರತ್ತೇನೋ ಅಂತ ನೋಡಿದ್ದು ನಿಜ. ನಲವತ್ತರಿಂದ ಶುರು ಅಂತ ಕಂಡ ತಕ್ಷಣ ಫೋನು ಜೇಬಿಗೆ ಹಾಕಿದೆ. ಕೊಳ್ಳೋ ಹಾಗಿದ್ರೆ ನಾನು ಚುಕ್ಕಿ ಹಿಂದೆ ಅಡಗ್ತೀನೇನೋ? ಊರಿಗೆಲ್ಲ ಕೇಳೋ ಹಾಗೆ ಕೂಗ್ತೀನಿ."

ಹಿಟ್ಟಣ್ಣ ನಂಬಲಿಲ್ಲ. ಕೈಯಲ್ಲಿ ಚೀಟಿ ಹಿಡಿದೇ ಗೇಟು ದಾಟಿ, ಚಪ್ಪಲಿಯ ಕಲ್ಲು ಕೊಡವಲು ನಿಂತವನ ಕಣ್ಣು ಮೇಲಿನ ತಗಡಿನ ಬೋರ್ಡಿಗೆ ಬಿತ್ತು. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರ. ಬೇಗ ಓದುವವರು ಇಂಥ ಬೋರ್ಡನ್ನು ಒಂದೇ ಗುಕ್ಕಿನಲ್ಲಿ ನುಂಗಿ ಮುಂದೆ ಹೋಗುತ್ತಾರೆ. ಹಿಟ್ಟಣ್ಣನಿಗೆ ಓದು ಬರುತ್ತಿದ್ದದ್ದು ಅಕ್ಷರ ಅಕ್ಷರ ಹೆಕ್ಕಿಕೊಂಡು. ಅವನು ಹೆಕ್ಕಿದ. ಕ. ಅದರ ಪಕ್ಕದಲ್ಲಿ ಸೊನ್ನೆ, ಪೇಂಟರು ಉದಾರವಾಗಿ ಬರೆದದ್ದು, ಬಟ್ಟಲಿನಷ್ಟು ದುಂಡಗೆ. ಕೊನೆಯಲ್ಲಿ ರ. ಆ ರ ತಲೆಯ ಮೇಲೆ ಅರ್ಧಾಕ್ಷರದ ಕೊಕ್ಕೆ.

ಚೀಟಿ ನೋಡಿದ. ಕ ಪಕ್ಕದಲ್ಲಿ ಸೊನ್ನೆಯಿಲ್ಲ. ರ ತಲೆಯ ಮೇಲೆ ಕೊಕ್ಕೆಯಿಲ್ಲ.

ಹೆಂಡತಿ ಬಿಟ್ಟಿರಬಹುದೇ? ಸೊಂಟದ ಅಳತೆಯಲ್ಲಿ ಕಾಲು ಇಂಚು ಬಿಡದವಳು ಅವಳು. ಫೋನೇ ಬಿಟ್ಟಿರಬಹುದೇ? ಅವನ ಹೆಸರಿನ 'ಬಾ'ದ ದೀರ್ಘವನ್ನು ಬಿಡದೆ ತೋರಿಸಿ ಊರಿಗೆಲ್ಲ ಬಾಲ ಮಾಡಿದ ಫೋನು, ಕಂಟ್ರಾಕ್ಟರಿನ ಸೊನ್ನೆಯನ್ನು ಮಾತ್ರ ಯಾಕೆ ಬಿಡುತ್ತದೆ? ಊರವರೆಲ್ಲ ಅಂಗಡಿಯಾಕೆ ಓದಿದ್ದನ್ನು ಕಿವಿಯಲ್ಲಿ ಕೇಳಿದ್ದರು. ಕಿವಿಗೆ ಸೊನ್ನೆಯೂ ಇಲ್ಲ, ಕೊಕ್ಕೆಯೂ ಇಲ್ಲ.

ಸೊನ್ನೆಯಿಲ್ಲದ ಕ, ಪೂರ್ತಿ ರ.

ಕಂಟ್ರಾಕ್ಟರಿನ ಅಂಗಳದಿಂದ ಕುಲುಮೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಹಿಟ್ಟಣ್ಣನಿಗೆ ಒಂದೊಂದೇ ನೆನಪಾಗತೊಡಗಿತು. ಹೋದ ತಿಂಗಳು ಕಮ್ಮಾರ ಚೀಲದ ಮೇಲೆ ಕೂತು, "ತಿಂಗಳಿಗೆ ಎಷ್ಟು ಉಳಿಯತ್ತೋ ಇದರಲ್ಲಿ?" ಎಂದು ಕೇಳಿದ್ದು. ಮೋಟರು ಎಷ್ಟು ವರ್ಷದ್ದು ಎಂದು ಬಗ್ಗಿ ನೋಡಿದ್ದು. ವಾರವಿಡೀ ಮುಖ ತೋರಿಸದೆ ಇದ್ದದ್ದು. ಅವತ್ತು ಬರಿಯ ಮಾತಾಗಿದ್ದದ್ದು ಇವತ್ತು ಸಾಕ್ಷಿಯಾಗಿ ನಿಂತಿತು. ಗೊತ್ತಿಲ್ಲದವನು ಕಸಿದುಕೊಂಡರೆ ಅದು ವ್ಯಾಪಾರ. ತನ್ನ ಚೀಲದ ಮೇಲೆ ಕೂತು, ತನ್ನ ಚಹಾ ಕುಡಿದು, ಲೆಕ್ಕ ತಿಳಿದುಕೊಂಡು ಹೋದವನು ಕಸಿದುಕೊಂಡರೆ ಅದಕ್ಕೇನು ಹೆಸರು? ಮೋರಿಯ ಹತ್ತಿರ ಅವನು ಸುಮ್ಮನೆ ನಿಂತು ನೀರು ಹರಿಯುವುದನ್ನು ನೋಡಿದ. ಎದುರು ಬಂದ ಹಾಲಿನವಳು ಮಾತಾಡಿಸಿದರೆ ಕೇಳಿಸದವನಂತೆ ಮುಂದೆ ಹೋದ.

ಕಮ್ಮಾರ ಗುದ್ದಲಿಗೆ ಹಿಡಿ ಕೂರಿಸುತ್ತಿದ್ದ. "ಉಳಿ ಸಿಕ್ಕಿತೇನೋ?" ಎಂದ, ತಲೆಯೆತ್ತಿ.

"ಸಿಕ್ತು."

"ಮತ್ತೆ ಮುಖ ಯಾಕೆ ಹೀಗೆ ಗಂಟು ಹಾಕ್ಕೊಂಡಿದೀಯ?"

ಹಿಟ್ಟಣ್ಣ ಚೀಟಿಯನ್ನು ಕಬ್ಬಿಣ ತಟ್ಟುವ ಅಡಿಗಲ್ಲಿನ ಮೇಲಿಟ್ಟ. "ಇದು ನೀನಾ?"

ಕಮ್ಮಾರ ಕೈ ಒರೆಸಿಕೊಂಡು ಬಗ್ಗಿ ನೋಡಿದ. ಆಮೇಲೆ ಅವನ ಮುಖದಲ್ಲಿ, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವನ ನಗು ಮೂಡಿತು. "ಯಾರು ಬಾಯಿಬಿಟ್ರು?"

"ನೀನಾ ಅಂತ ಕೇಳ್ದೆ."

"ನಾನೇ ಕಣೋ. ನಾಳೆ ಎಲ್ಲ ಮುಗಿದ ಮೇಲೆ ಹೇಳೋಣ ಅಂತಿದ್ದೆ. ಅದಕ್ಕೇ ಈ ಕಡೆ ಬರಲಿಲ್ಲ. ನಿನ್ನ ಮುಖ ಕಂಡ್ರೆ ನನ್ನ ಬಾಯಿ ನಿಲ್ಲತ್ತಾ?" ಕಮ್ಮಾರನ ಮಾತು ತಿದಿಯ ಗಾಳಿಯಂತೆ ನುಗ್ಗಿತು. "ಪವರ್ ಸುತ್ತಿಗೆ ತಗೊಳ್ಳೋಕೆ ಅಂತ ಕೂಡಿಟ್ಟಿದ್ದ ದುಡ್ಡು ಅದು. ಸುತ್ತಿಗೆ ಇನ್ನೆರಡು ವರ್ಷ ಬಿಟ್ಟು ಬರಲಿ. ಯಾವನೋ ಬಂದು ಗಿರಣಿ ಬಿಚ್ಕೊಂಡು ಹೋದ್ರೆ ನೀನು ಏನು ಮಾಡ್ತೀಯ? ನಿನ್ನ ಹತ್ರ ದುಡ್ಡಿಲ್ಲ, ಫೋನು ಮುಟ್ಟೋಕೆ ಬರಲ್ಲ. ನಾನು ಹಿಡಿದಿಡ್ತೀನಿ, ನೀನು ನಡೆಸು, ಆದಾಗ ಆದಷ್ಟು ಕೊಡು ಅಂತ. ಐವತ್ತಾರಕ್ಕೇ ಮುಗಿದುಹೋಗ್ತಿತ್ತು ಕಣೋ! ಬಾಲ ಅಂತ ಯಾವನೋ ಒಬ್ಬ ದರಿದ್ರದವನು ಅಂಟ್ಕೊಂಡಿದಾನೆ, ಬಿಡ್ತಾನೇ ಇಲ್ಲ. ಕೈಗೆ ಸಿಕ್ರೆ ಈ ಇಕ್ಕಳದಲ್ಲೇ ಅವನ ಮೂಗು ಹಿಡಿದು—"

ಹಿಟ್ಟಣ್ಣ ಪಕ್ಕದ ಮರದ ದಿಮ್ಮಿಯ ಮೇಲೆ ಕುಸಿದು ಕೂತ. "ಹಿಡಿ," ಎಂದ. "ಮೂಗು ಇಲ್ಲೇ ಇದೆ."

"ಏನು?"

"ಆ ಬಾಲ ನಾನೇ ಕಣೋ."

ಕಮ್ಮಾರ ಇಕ್ಕಳವನ್ನು ಕೆಳಗಿಟ್ಟ. "ನಿನ್ನ ಹೆಸರಲ್ಲಿ ಬಾ ಎಲ್ಲಿಂದ ಬಂತೋ? ಲ ಎಲ್ಲಿಂದ ಬಂತು?"

"ನಮ್ಮಪ್ಪ ಇಟ್ಟಿದ್ದು."

"ನಿಂಗೆ ಹೆಸರು ಬೇರೆ ಇದೆಯೇನೋ!"

"ನೀನ್ಯಾಕೆ ನಿನ್ನ ಹೆಸರು ಹಾಕಲಿಲ್ಲ?"

"ಗುರುತಿನ ಚೀಟಿ ಹೆಸರು ಹಾಕಿದ ಮೇಲೆ, ಇತರರಿಗೆ ಕಾಣೋ ಹೆಸರು ಅಂತ ಬೇರೆ ಕೇಳ್ತಪ್ಪ. ಇತರರಿಗೆ ನಾನು ಕಮ್ಮಾರನಾಗೇ ಕಾಣೋದಲ್ವಾ?" ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. "ಲೋ, ದುಡ್ಡಿಲ್ಲ ಅಂತಿದ್ದೆಯಲ್ಲ!"

"ದುಡ್ಡಿದೆ ಅಂತ ಯಾರಾದ್ರೂ ಡಂಗುರ ಹೊಡೀತಾರಾ?"

"ಊರಿಗೆ ಹೇಳ್ಬೇಡ. ನಂಗೂ ಹೇಳ್ಬಾರ್ದಾ?"

"ನೀನು ಹೇಳಿದ್ಯಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಕಮ್ಮಾರ. ಅವನು ನಕ್ಕರೆ ಕುಲುಮೆಯ ತಗಡೇ ಅದುರುತ್ತದೆ. ಹಿಟ್ಟಣ್ಣನೂ ನಕ್ಕ, ನಗುತ್ತಾ ಕಣ್ಣೊರೆಸಿಕೊಂಡ. ಆ ಕಣ್ಣೀರಿನಲ್ಲಿ ನಗುವಿನದೆಷ್ಟು, ದಾರಿಯುದ್ದಕ್ಕೂ ತಂದದ್ದೆಷ್ಟು ಎಂದು ಅವನಿಗೆ ಮಾತ್ರ ಗೊತ್ತಿತ್ತು.

ನಗು ನಿಂತ ಮೇಲೆ ಲೆಕ್ಕ ಎದುರಿಗೆ ಬಂತು. ಐವತ್ತಾರಕ್ಕೆ ಆಗಬೇಕಾದದ್ದನ್ನು ಇಬ್ಬರೂ ಸೇರಿ ಎಂಬತ್ತಕ್ಕೆ ಹತ್ತಿಸಿದ್ದರು. ಹಾಕಿದ ಬೆಲೆ ಹಿಂದಕ್ಕೆ ಬರುವಂತಿರಲಿಲ್ಲ.

ಕಮ್ಮಾರ ದನಿ ತಗ್ಗಿಸಿದ. "ಒಂದು ದಾರಿ ಇದೆ. ನಾಳೆ ನಂದೇ ಮೇಲಿರತ್ತೆ. ನಾನು ದುಡ್ಡು ಕಟ್ಟಲ್ಲ. ಕಟ್ಟದಿದ್ರೆ ನನ್ನ ಖಾತೆ ಮುಚ್ಚಿ, ಮತ್ತೆ ಮೊದಲಿಂದ ಹರಾಜು ಹಾಕ್ತಾರಂತೆ. ಆಗ ನೀನೊಬ್ಬನೇ. ಐವತ್ತಕ್ಕೇ ಆದ್ರೂ ಆಯ್ತು."

"ನಿನ್ನ ಹೆಸರು ಕೆಡತ್ತೆ."

"ಯಾವ ಹೆಸರು? ಕ, ಮೂರು ಚುಕ್ಕಿ, ರ. ಅದು ನಾನು ಅಂತ ಯಾರಿಗೆ ಗೊತ್ತು?"

"ನಂಗೆ ಗೊತ್ತು," ಎಂದ ಹಿಟ್ಟಣ್ಣ. ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅಮ್ಮೋರ ಟ್ರ್ಯಾಕ್ಟರ್ ಹರಾಜು ಹಾಕಿದ ದಿನ ಗಿರಣಿ ಹಿಂದೆ ನಾಲ್ಕು ಜನ ನಿಂತು ಮಾತಾಡ್ಕೊಂಡ್ರಲ್ಲ. ಅವರಿಗೆ ನಾಲ್ಕು ಲೋಟ ಚಹಾ ತಂದುಕೊಟ್ಟವನು ನಾನು. ಕೇಳಿಸ್ಕೊಂಡೆ. ಕೂಲಿಯವನು ನಾನ್ಯಾಕೆ ಬಾಯಿ ಹಾಕ್ಲಿ ಅಂತ ಲೋಟ ತೊಳೆದಿಟ್ಟೆ. ಈಗ ನಾವಿಬ್ಬರೇ ಇಲ್ಲಿ ಕೂತು ಅದೇ ಮಾತು ಆಡ್ತಿದೀವಿ, ನೋಡು. ಚಹಾ ಒಂದಿಲ್ಲ ಅಷ್ಟೆ."

ಕಮ್ಮಾರ ಗುದ್ದಲಿಯ ಹಿಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿದ. "ಹಾಗಾದ್ರೆ ಎಂಬತ್ತು?"

"ಎಂಬತ್ತು. ಬೆಲೆ ನಾವೇ ಹೇಳಿದ್ದು, ಯಾರೂ ನಮ್ಮ ಬಾಯಿಗೆ ತುರುಕಲಿಲ್ಲ. ದುಡ್ಡು ನಾನು ಕೊಡ್ತೀನಿ, ನೀನು ಕಟ್ಟು. ಆದ್ರೆ ಅಮ್ಮೋರಿಗೆ ಈಗ್ಲೇ ಹೇಳ್ಬೇಕು. ಬೇರೆಯವರ ಬಾಯಿಂದ ಹೋದ್ರೆ ಬಣ್ಣ ಹಚ್ಕೊಂಡು ಹೋಗತ್ತೆ."

ಫೋನಿನಲ್ಲಿ ಒಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅವಳ ದನಿ ಗಟ್ಟಿಯಾಗಿ ಬಂತು. "ಹಿಟ್ಟಣ್ಣ, ಬೆಲೆ ಇಳಿಸೋಕೆ ಇದೊಂದು ಹೊಸ ಕಥೆಯಾ?"

"ಇಲ್ಲಮ್ಮ. ಎಂಬತ್ತು ಎಂಬತ್ತೇ. ಒಂದು ಕಾಸು ಬಿಡಿ ಅಂತ ಕೇಳಲ್ಲ."

"ಮತ್ತೆ ಯಾಕೆ ಹೇಳ್ತಿದೀಯ?"

"ಕೊಂಡವರು ಯಾರು ಅಂತ ನಿಮಗೆ ಗೊತ್ತಿರಲಿ ಅಂತ."

"ಬಾ, ಲ. ಮೊದಲ ದಿನದಿಂದ ನೋಡ್ತಾನೇ ಇದೀನಿ," ಎಂದಳು. "ಇಪ್ಪತ್ತೆರಡು ವರ್ಷ ನಿನಗೆ ಸಂಬಳ ಎಣಿಸಿದೀನಿ, ನಿನ್ನ ಹೆಸರು ಗೊತ್ತಿಲ್ಲ ನನಗೆ." ಅವಳು ನಿಟ್ಟುಸಿರು ಬಿಟ್ಟಳೋ ನಕ್ಕಳೋ ತಿಳಿಯಲಿಲ್ಲ. "ನೋಡು, ನಾನು ಬಿಟ್ಟುಕೊಡೋಳಲ್ಲ. ನನ್ನ ವಸ್ತುವಿಗೆ ಇಬ್ಬರು ಪೈಪೋಟಿ ಬಿದ್ದದ್ದು ಇದೇ ಮೊದಲು, ಆ ಸಂತೋಷ ನಂಗಿರಲಿ. ಆದ್ರೆ ಹಿಂದಿನ ಕೋಣೇಲಿ ಚಾಪೆ ಕೆಳಗೆ ಒಂದು ಜೊತೆ ಹೊಸ ಕಲ್ಲಿದೆ. ನಮ್ಮವರು ತರಿಸಿದ್ದು, ಹರಾಜಿಗೆ ಹಾಕಿಲ್ಲ. ಅದನ್ನೂ ಮಾರ್ಬೇಕು. ಮುಂದಿನ ವಾರ ಬರ್ತೀನಿ, ಎದುರಿಗೇ ಕೂತು ಬೆಲೆ ಹೇಳು. ಫೋನು ಬೇಡ."

ಭಾನುವಾರ ಸಂಜೆ ಹಿಟ್ಟಣ್ಣನ ಮನೆಯಲ್ಲಿ ಮೂವರೂ ಒಂದೇ ಫೋನಿನ ಸುತ್ತ ಕೂತರು. ಐದೂಮುಕ್ಕಾಲಿಗೆ ಕಮ್ಮಾರ, "ಇನ್ನೊಂದು ಬಾಲ ಬಂದ್ರೆ?" ಎಂದ. ಬರಲಿಲ್ಲ. ಆರು ಹೊಡೆದಾಗ ಕ, ಮೂರು ಚುಕ್ಕಿ, ರ ಎಂಬ ಹೆಸರಿನ ಪಕ್ಕ ಹಸಿರು ಗುರುತು ಬಿತ್ತು. ಹಿಟ್ಟಣ್ಣನ ಹೆಂಡತಿ, "ನಾನು ಶುಕ್ರವಾರವೇ ಹೇಳಿದ್ದೆ, ಅಕ್ಷರ ಹಾಗೆ ಅನ್ನತ್ತೆ ಅಂತ," ಎಂದು ಹೇಳಿ ಚಹಾಕ್ಕೆ ನೀರಿಟ್ಟಳು. ಮರುದಿನ ಸುದ್ದಿ ಕಟ್ಟೆ ಮುಟ್ಟಿತು. ಹಾಲಿನವಳು ಎರಡು ದಿನ ಹಿಟ್ಟಣ್ಣನನ್ನು ಬಾಲಣ್ಣ ಎಂದು ಕರೆದಳು. ಅಂಗಡಿಯಾಕೆ ಕಂಟ್ರಾಕ್ಟರಿಗೆ ಎರಡು ಬೆಂಕಿಪೊಟ್ಟಣ ಕೊಟ್ಟು ಒಂದಕ್ಕೇ ದುಡ್ಡು ತೆಗೆದುಕೊಂಡಳಂತೆ.

ಮುಂದಿನ ವಾರ ಒಡತಿ ಕೋಲೂರಿಕೊಂಡು ಬಂದಳು, ಹಿಟ್ಟಿನ ಚೀಲದ ಮೇಲೆ ಕೂತು ಹಿಟ್ಟಣ್ಣನೊಡನೆ ಒಂದು ಗಂಟೆ ಚೌಕಾಸಿ ಮಾಡಿದಳು, ಹೊಸ ಕಲ್ಲನ್ನು ಕೊಟ್ಟಳು. ಕಲ್ಲು ಕೂರಿಸಲು ಕಮ್ಮಾರ ಬಂದ. ಎಲ್ಲ ಸರಿಹೋಗಿತ್ತು. ಆದರೂ ಕಮ್ಮಾರ ಚೀಲದ ಮೇಲೆ ಕೂತಾಗಲೆಲ್ಲ ಹಿಟ್ಟಣ್ಣನಿಗೆ ಡಬ್ಬಗಳ ಸರದಿ ತಪ್ಪುತ್ತಿತ್ತು.

ಹೊಸ ಕಲ್ಲಿನಲ್ಲಿ ಬೀಸತೊಡಗಿದ ಮೂರನೆಯ ದಿನ. ಕಟ್ಟೆಯ ಮೇಲಿನ ಡಬ್ಬಗಳೆಲ್ಲ ಮುಗಿದು, ಕಮ್ಮಾರನ ಮನೆಯ ಜೋಳ ಮಾತ್ರ ಉಳಿದಿತ್ತು. ಹಿಟ್ಟಣ್ಣ ಅದನ್ನು ಮೇಲಿನ ತಗಡಿನ ಡಬ್ಬಿಗೆ ಸುರಿದ. ಕಮ್ಮಾರ ಯಂತ್ರದ ಸದ್ದಿನ ಮೇಲೆ ದನಿಯೆತ್ತಿ ಅಂಗಡಿಯಾಕೆಯ ಕಥೆ ಹೇಳುತ್ತಿದ್ದ.

"ನಾನು ನಿನ್ನ ಕಳ್ಳ ಅನ್ಕೊಂಡಿದ್ದೆ ಕಣೋ," ಎಂದ ಹಿಟ್ಟಣ್ಣ.

"ಏನು?" ಕಮ್ಮಾರ ಕಿವಿಗೆ ಕೈ ಹಚ್ಚಿದ. "ಕೇಳಿಸ್ಲಿಲ್ಲ!"

ಕೇಳಿಸಲಿಲ್ಲ ಎಂದರೆ ಬಿಟ್ಟುಬಿಡಬಹುದಿತ್ತು. ಕಲ್ಲಿನ ನಡುವೆ ಕಾಳು ಇರುವಾಗ ಗಿರಣಿಯನ್ನು ಯಾರೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಕಾಳು ಕಚ್ಚಿಕೊಂಡು ಮೋಟರು ಎಳೆಯುವುದಿಲ್ಲ, ಡಬ್ಬಿ ಖಾಲಿ ಮಾಡಿ ಕಲ್ಲನ್ನೇ ಎತ್ತಬೇಕು. ಹಿಟ್ಟಣ್ಣ ಕೈ ಚಾಚಿ ಸ್ವಿಚ್ಚು ಆರಿಸಿದ. ಬೆಲ್ಟು ಎರಡು ಸುತ್ತು ಸುತ್ತಿ ನಿಂತಿತು. ಗಾಳಿಯಲ್ಲಿದ್ದ ಹಿಟ್ಟು ನಿಧಾನವಾಗಿ ಇಳಿಯತೊಡಗಿತು.

"ಕ, ರ ಅಂದ್ರೆ ನೀನೇ ಅಂತ ಗೊತ್ತಾದಾಗ," ಎಂದ, "ನಾನು ನಿನ್ನ ಕಳ್ಳ ಅನ್ಕೊಂಡೆ. ನನ್ನ ಲೆಕ್ಕ ತಿಳ್ಕೊಳ್ಳೋಕೇ ನನ್ನ ಚೀಲದ ಮೇಲೆ ಬಂದು ಕೂತ್ಕೊತಿದ್ದ ಅಂತ."

ಕಮ್ಮಾರ ಅವನನ್ನೇ ನೋಡಿದ. "ಎಷ್ಟು ಹೊತ್ತು ಅನ್ಕೊಂಡೆ?"

"ಕಂಟ್ರಾಕ್ಟರ್ ಅಂಗಳದಿಂದ ನಿನ್ನ ಕುಲುಮೆ ತನಕ."

"ಹತ್ತು ನಿಮಿಷದ ದಾರಿ. ಅಷ್ಟೇನಾ?"

"ನಾನು ನಿಧಾನಕ್ಕೆ ನಡೆದೆ."

ಕಮ್ಮಾರ ಚೀಲದಿಂದ ಎದ್ದು ಬಾಗಿಲವರೆಗೂ ಹೋದ, ಹೊರಗೆ ನೋಡುತ್ತ ನಿಂತ. ಬಿಸಿಲು ಕಟ್ಟೆ ಬಿಟ್ಟು ರಸ್ತೆಗೆ ಇಳಿದಿತ್ತು. ಹಿಟ್ಟಣ್ಣ ಸ್ವಿಚ್ಚಿನ ಪಕ್ಕ ಕದಲದೆ ನಿಂತಿದ್ದ. ಆಮೇಲೆ ಕಮ್ಮಾರ ತಿರುಗಿ ಬಂದು, ಅಂಗಿಯ ತೋಳು ಮೇಲಕ್ಕೆ ಮಡಚಿ, ಕರಿಯ ಕೈಗಳೆರಡನ್ನೂ ತಗಡಿನ ಡಬ್ಬಿಯೊಳಗೆ ಇಳಿಸಿದ.

"ಇನ್ನೊಂದು ಸಲ ಅನ್ನಿಸಿದ್ರೆ," ಎಂದ, ಬೊಗಸೆ ತುಂಬ ಜೋಳ ಎತ್ತುತ್ತ, "ಬೇಗ ನಡ್ಕೊಂಡು ಬಾ. ಈಗ ಬುಟ್ಟಿ ಹಿಡಿ ಈ ಕಡೆ. ಒಳ್ಳೇ ಜೋಳ ಚೆಲ್ಲಿಸ್ಬೇಡ ನಂದು."

ಹಿಟ್ಟಣ್ಣ ಬುಟ್ಟಿ ಹಿಡಿದ. ಡಬ್ಬಿ ಖಾಲಿಯಾಗುವ ತನಕ ಇಬ್ಬರೂ ಬೊಗಸೆ ಬೊಗಸೆಯಾಗಿ ಕಾಳು ತೆಗೆದರು. ಆಮೇಲೆ ಆ ಕಡೆಯಿಂದ ಅವನು, ಈ ಕಡೆಯಿಂದ ಇವನು ಹಿಡಿದು, ಕಲ್ಲನ್ನು ಎತ್ತಿದರು.